ಕ್ಯಾಪ್ಟನ್ನನ ಇನಿಷಿಯಲ್

ಮೊಸರಿನಲ್ಲಿ ಕಲ್ಲು ಹುಡುಕುವವಳು ಎಂದು ನಮ್ಮ ಮನೆಯಲ್ಲಿ ನನಗೊಂದು ಹೆಸರಿದೆ. ಇಟ್ಟವರು ನಮ್ಮ ಅತ್ತೆ. ಮದುವೆಯಾಗಿ ಬಂದ ವಾರದಲ್ಲೇ ನಮ್ಮ ಲಗ್ನಪತ್ರಿಕೆಯನ್ನು ಓದುತ್ತಾ, 'ಆಶೀರ್ವದಿಸಬೇಕಾಗಿ' ಎಂಬಲ್ಲಿ ದೀರ್ಘ ಬಿಟ್ಟುಹೋಗಿದೆಯಲ್ಲ ಎಂದು ಬಾಯಿತಪ್ಪಿ ಅಂದುಬಿಟ್ಟೆ. ಅತ್ತೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, "ಆರುನೂರು ಜನ ಈ ಪತ್ರಿಕೆ ನೋಡ್ಕೊಂಡೇ ಬಂದು ಉಂಡು ಹೋದ್ರು. ಅವರ್ಯಾರ ಕಣ್ಣಿಗೂ ಬೀಳದ್ದು ಮದುವಣಗಿತ್ತಿ ಕಣ್ಣಿಗೇ ಬೀಳಬೇಕಿತ್ತೇ?" ಎಂದರು. ಅವರು ಹೋಗಿ ಹನ್ನೊಂದು ವರ್ಷವಾಯಿತು. ಹೆಸರು ಮಾತ್ರ ಉಳಿದುಕೊಂಡಿದೆ.

ಏನು ಮಾಡಲಿ, ಕಸುಬೇ ಅಂಥದ್ದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕೆಂಪು ಶಾಯಿಯ ಪೆನ್ನು ಹಿಡಿದ ಕೈ ಇದು. ಹೋಟೆಲಿನ ಬೋರ್ಡು ನೋಡಿದರೂ ತುರಿಸುತ್ತದೆ, ಬಸ್ಸಿನ ಹಿಂದೆ ಬರೆಸಿದ ಸುಭಾಷಿತ ಕಂಡರೂ ತುರಿಸುತ್ತದೆ. ಆ ಕೆಂಪು ಶಾಯಿ ನನ್ನ ಮೇಲೆಯೇ ತಿರುಗಿಬಿದ್ದದ್ದೂ ಒಮ್ಮೆ ಉಂಟು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಕಾಲು ಮುರಿದುಕೊಂಡ ಕಥೆ.

2023ರ ಮಳೆಗಾಲದಲ್ಲಿ ಹಿತ್ತಲ ಪಾಚಿಯ ಮೇಲೆ ಜಾರಿ ಬಿದ್ದು ಬಲಗಾಲಿಗೆ ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡೆ. ರಜೆ ಹಾಕಿ ಬಂದ ಮಗಳು, "ಅಮ್ಮಾ, ಸುಮ್ಮನೆ ಮಲಗಿ ಅಪ್ಪನ ಅಡುಗೆಯಲ್ಲಿ ತಪ್ಪು ಹುಡುಕಬೇಡ. ಏನಾದರೂ ನೋಡು" ಎಂದು ಟಿ.ವಿ.ಗೆ ಇಂಟರ್ನೆಟ್ ಜೋಡಿಸಿಕೊಟ್ಟಳು. ಏನು ಹಾಕಲಿ ಎಂದಾಗ ನನ್ನ ಬಾಯಿಂದ ಬಂದದ್ದು ಯಾವ ಧಾರಾವಾಹಿಯ ಹೆಸರೂ ಅಲ್ಲ. "ಚೂಪು ಕಿವಿಯವನು ಬರುತ್ತಾನಲ್ಲ, ಆಕಾಶದ ಹಡಗು, ಅದು ಸಿಗುತ್ತದೇನೇ?" ಎಂದೆ.

ಅದು 'ಸ್ಟಾರ್ ಟ್ರೆಕ್'. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಬರುತ್ತಿತ್ತು. ಆಗ ನಾನು ಕನ್ನಡ ಮಾಧ್ಯಮದ ಹೈಸ್ಕೂಲು ಹುಡುಗಿ. ರಜಕ್ಕೆ ಬೆಂಗಳೂರಿನ ಚಿಕ್ಕಪ್ಪನ ಮನೆಗೆ ಹೋದಾಗ ನೋಡಿದ್ದು. ಕಪ್ಪು ಬಿಳುಪಿನ ಟಿ.ವಿ., ಅದಕ್ಕೊಂದು ಮರದ ಬಾಗಿಲು, ಮೇಲೊಂದು ಕ್ರೋಷಾದ ಹೊದಿಕೆ. ಇಂಗ್ಲಿಷು ನನಗೆ ಅರ್ಥವಾಗುತ್ತಿರಲಿಲ್ಲ. ಚಿಕ್ಕಪ್ಪ ದೋಸೆ ತಿನ್ನುತ್ತಲೇ ಹೇಳುತ್ತಿದ್ದರು: "ಆ ಕಿವಿಯವನು ಬೇರೆ ಗ್ರಹದವನು, ನಗೋದಿಲ್ಲ, ಅಳೋದಿಲ್ಲ, ಬರೀ ಲೆಕ್ಕ. ಡಾಕ್ಟರು ಬರೀ ಸಿಡಿಮಿಡಿ. ಇಬ್ಬರನ್ನೂ ಸಂಭಾಳಿಸೋನು ಕ್ಯಾಪ್ಟನ್." ಇಷ್ಟು ತಿಳಿದರೆ ಸಾಕಿತ್ತು. ನಮ್ಮ ಮನೆಯಲ್ಲೂ ಹಾಗೆಯೇ ಇದ್ದರಲ್ಲ, ನಗದ ದೊಡ್ಡಪ್ಪ, ಸಿಡಿಮಿಡಿಯ ಸೋದರಮಾವ.

ನಲವತ್ತು ವರ್ಷ ಬಿಟ್ಟು ಮತ್ತೆ ನೋಡಿದಾಗ ನನಗೆ ಮೊದಲು ತಿಳಿದದ್ದು, ನಾನು ಕಂಡದ್ದು ಅರ್ಧವೇ ಎಂದು. ಅವರ ಅಂಗಿಗಳಿಗೆ ಬಣ್ಣವಿತ್ತು! ಕ್ಯಾಪ್ಟನ್ ಕರ್ಕ್‌ಗೆ ಚಿನ್ನದ ಹಳದಿ, ಸ್ಪಾಕ್‌ಗೂ ಡಾಕ್ಟರ್ ಮೆಕಾಯ್‌ಗೂ ನೀಲಿ, ಟೆಲಿಫೋನು ನೋಡಿಕೊಳ್ಳುವ ಉಹುರಾಗೆ ಕೆಂಪು. ಮಗಳು ಪಕ್ಕದಲ್ಲಿ ಮೊಬೈಲು ನೋಡುತ್ತಾ, "ಅಮ್ಮಾ, ನಿನಗೆ ಹೇಳಿಮಾಡಿಸಿದ ವಿಷಯ. ಆ ಹಳದಿ ಅಂಗಿ ಹಳದಿಯೇ ಅಲ್ಲವಂತೆ" ಎಂದಳು. ನಿಜವಂತೆ. ವಸ್ತ್ರವಿನ್ಯಾಸಕ ವಿಲಿಯಂ ವೇರ್ ಥೈಸ್ ಹೊಲಿಸಿದ್ದು ಹಸಿರು ಬಣ್ಣದ ಅಂಗಿ. ಸ್ಟುಡಿಯೋದ ದೀಪಕ್ಕೆ, ಆ ಕಾಲದ ಫಿಲ್ಮಿಗೆ ಅದು ಹಳದಿಯಾಗಿ ಬಿತ್ತು. ಟ್ಯೂಬ್‌ಲೈಟಿನ ಕೆಳಗೆ ನೋಡಿ ತಂದ ರಾಮಾ ಗ್ರೀನ್ ಸೀರೆ ಮನೆಯ ಬಿಸಿಲಿಗೆ ನೀಲಿಯಾಗಿ ನಿಲ್ಲುವುದು ನಮಗೆ ಗೊತ್ತಿಲ್ಲದ್ದೇ? ವ್ಯತ್ಯಾಸವೆಂದರೆ ನಾವು ಅಂಗಡಿಗೆ ವಾಪಸು ಹೋಗುತ್ತೇವೆ. ಅವರು ಹೋಗಲಿಲ್ಲ. ಜಗತ್ತೆಲ್ಲ ಹಳದಿ ಎಂದಿತು, ಹಳದಿಯೇ ಆಯಿತು. ಮುಂದೆ ಆ ಸರಣಿಯ ಹೆಸರಿನಲ್ಲಿ ಅಂಗಿ ಹೊಲಿದವರೆಲ್ಲ ಹಳದಿ ಬಟ್ಟೆಯನ್ನೇ ತಂದರು.

ಅಲ್ಲಿಂದ ನನಗೆ ಹುಚ್ಚು ಹತ್ತಿತು. ದಿನಕ್ಕೆ ಎರಡು ಕಂತು, ಕೈಯಲ್ಲಿ ಹಳೆಯ ನೋಟ್‌ಬುಕ್ಕು, ಕೆಂಪು ಪೆನ್ನು. ನಮ್ಮ ಯಜಮಾನರು ಕಾಫಿ ತಂದಿಟ್ಟು, "ಪಾಪ, ಅವರನ್ನೂ ಬಿಡಲಿಲ್ಲವೇ?" ಎಂದರು.

ಸರಣಿಯ ವಿಷಯ ಸ್ವಲ್ಪ ಹೇಳಬೇಕು. ಕಲ್ಪಿಸಿದವರು ಜೀನ್ ರಾಡೆನ್‌ಬೆರಿ. ಬರವಣಿಗೆಗೆ ಬರುವ ಮುಂಚೆ ವಿಮಾನ ನಡೆಸಿದವರು, ಲಾಸ್ ಏಂಜಲೀಸ್‌ನಲ್ಲಿ ಪೊಲೀಸ್ ಕೆಲಸ ಮಾಡಿದವರು. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಂದು ಶುರುವಾಗಿ 1969ರ ಜೂನ್‌ನಲ್ಲಿ ನಿಂತಿತು. ಒಟ್ಟು 79 ಕಂತು. ತಯಾರಿಸಿದ ಡೆಸಿಲು ಸ್ಟುಡಿಯೋ ಆಗ ಒಬ್ಬ ಹೆಂಗಸಿನ ಕೈಯಲ್ಲಿತ್ತು. ಹಾಸ್ಯನಟಿ ಲ್ಯೂಸಿಲ್ ಬಾಲ್. ಮೊದಲು ಮಾಡಿ ತೋರಿಸಿದ ಮಾದರಿ ಕಂತನ್ನು ಎನ್‌ಬಿಸಿಯವರು ಒಪ್ಪಲಿಲ್ಲ. ಇನ್ನೊಂದು ಮಾಡಿ ತನ್ನಿ ಎಂದರು. ಎರಡನೆಯದು ಪಾಸಾಯಿತು. ಸಪ್ಲಿಮೆಂಟರಿಯಲ್ಲಿ ಪಾಸಾದ ಮಕ್ಕಳ ಮೇಲೆ ನನಗೆ ಯಾವಾಗಲೂ ಒಂದು ಕೈ ಪ್ರೀತಿ ಜಾಸ್ತಿ.

ಕಂತಿಗೆ ಸುಮಾರು ಆರು ದಿನದ ಚಿತ್ರೀಕರಣ, ಕೈಯಲ್ಲಿ ಬಿಗಿ ಹಣ. ಹೊಸ ಹೊಸ ಗ್ರಹದಲ್ಲಿ ಹಡಗು ಇಳಿಯುವುದನ್ನು ವಾರವಾರ ತೋರಿಸಲು ದುಡ್ಡಿಲ್ಲ. ಅದಕ್ಕೇ ಮನುಷ್ಯರನ್ನು ಕಣಕಣವಾಗಿ ಬಿಡಿಸಿ ಕೆಳಗೆ ಕಳಿಸಿ ಜೋಡಿಸುವ ಯಂತ್ರ ಹುಟ್ಟಿತು. ಬಡತನದ ಉಪಾಯವೇ ಮುಂದೆ ಪ್ರಪಂಚದಲ್ಲೆಲ್ಲ ಹೆಸರಾಯಿತು. ತಾವಾಗಿ ಸರಕ್ಕನೆ ತೆರೆಯುವ ಬಾಗಿಲುಗಳೂ ಅಷ್ಟೆ. ಹಿಂದೆ ಒಬ್ಬ ಆಳು ನಿಂತು ಕೈಯಲ್ಲಿ ಎಳೆಯುತ್ತಿದ್ದ. ಅವನು ಒಂದು ಕ್ಷಣ ತಡಮಾಡಿದರೆ ಕ್ಯಾಪ್ಟನ್ ಸಾಹೇಬರ ಮೂಗು ಬಾಗಿಲಿಗೆ. ಹಾಗೆ ಡಿಕ್ಕಿ ಹೊಡೆದ ತುಣುಕುಗಳು ಇಂದಿಗೂ ಸಿಗುತ್ತವೆ. ನಗು ತಡೆಯಲಾರದೆ ನನ್ನ ಪ್ಲಾಸ್ಟರ್ ಕಾಲು ದಿಂಬಿನಿಂದ ಕೆಳಗೆ ಬಿತ್ತು.

ಉಪ್ಪಿನ ಕಥೆ ಕೇಳಿ. ಮೊಟ್ಟಮೊದಲು ಪ್ರಸಾರವಾದ ಕಂತಿನಲ್ಲಿ ಉಪ್ಪಿಗಾಗಿ ಹಾತೊರೆಯುವ ಒಂದು ರಾಕ್ಷಸಿ ಬರುತ್ತಾಳೆ. ಭವಿಷ್ಯದ ಕಾಲಕ್ಕೆ ಹೊಂದಲೆಂದು ವಿಚಿತ್ರ ಆಕಾರದ ಉಪ್ಪಿನ ಡಬ್ಬಿಗಳನ್ನು ಕೊಂಡು ತಂದರಂತೆ. ತಂದಮೇಲೆ ನೋಡಿದರೆ, ಇವು ಉಪ್ಪಿನ ಡಬ್ಬಿ ಎಂದು ನೋಡುವವರಿಗೆ ತಿಳಿಯುವುದೇ ಇಲ್ಲವಲ್ಲ! ಕೊನೆಗೆ ಮಾಮೂಲಿ ಡಬ್ಬಿಯನ್ನೇ ಇಟ್ಟರು. ತಂದದ್ದು ದಂಡವಾಗಬಾರದಲ್ಲ, ಅವನ್ನು ಡಾಕ್ಟರ ಕೈಗೆ ಕೊಟ್ಟು ಶಸ್ತ್ರಚಿಕಿತ್ಸೆಯ ಉಪಕರಣ ಮಾಡಿಬಿಟ್ಟರು. ನಮ್ಮ ಮನೆಯಲ್ಲೂ ಮದುವೆಗೆ ಉಡುಗೊರೆ ಬಂದ ಐಸ್‌ಕ್ರೀಂ ಬಟ್ಟಲುಗಳಲ್ಲಿ ಇಪ್ಪತ್ತು ವರ್ಷ ಕುಂಕುಮ, ಅರಿಸಿನ ಇಟ್ಟಿದ್ದೇವೆ.

ಇನ್ನು ತಪ್ಪುಗಳಿಗೆ ಬರೋಣ. 'ದಿ ಎನಿಮಿ ವಿದಿನ್' ಎಂಬ ಕಂತು ಪ್ರಸಾರವಾದದ್ದು 1966ರ ಅಕ್ಟೋಬರ್ 6ರಂದು. ಸಾಗಿಸುವ ಯಂತ್ರ ಕೆಟ್ಟು ಕ್ಯಾಪ್ಟನ್ ಇಬ್ಬರಾಗಿ ಒಡೆಯುತ್ತಾನೆ, ಒಬ್ಬ ಸಾಧು, ಒಬ್ಬ ದುಷ್ಟ. ದುಷ್ಟನ ಮುಖವನ್ನು ಒಬ್ಬ ಹುಡುಗಿ ಪರಚುತ್ತಾಳೆ. ಆ ಗಾಯದ ಗೀರು ಒಂದು ಕಡೆ ಒಂದು ಕೆನ್ನೆಯಲ್ಲಿದ್ದರೆ ಇನ್ನೊಂದು ಕಡೆ ಇನ್ನೊಂದು ಕೆನ್ನೆಯಲ್ಲಿದೆ! ಫಿಲ್ಮಿನ ತುಣುಕೊಂದನ್ನು ಎಡಬಲ ತಿರುಗಿಸಿ ಅಂಟಿಸಿದ್ದರಿಂದ ಆದದ್ದು. ಅದೇ ಕಂತಿನ ಆರಂಭದಲ್ಲಿ ಕ್ಯಾಪ್ಟನ್ನನ ಎದೆಯ ಬಿಲ್ಲೆಯೇ ಇಲ್ಲ. ಬಿಲ್ಲೆ ಇಲ್ಲದೆ ಬಂದ ಹುಡುಗರನ್ನು ಪ್ರಾರ್ಥನೆಯ ಹೊತ್ತಿಗೆ ಹೊರಗೆ ನಿಲ್ಲಿಸಿದವಳು ನಾನು. ತಕ್ಷಣ ಬರೆದುಕೊಂಡೆ.

ಇಂಥವನ್ನು ತಡೆಯಲೆಂದೇ ಸಿನಿಮಾದಲ್ಲಿ ಒಂದು ಕೆಲಸವಿದೆ, ಕಂಟಿನ್ಯುಯಿಟಿ ಎಂದು. ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲವಲ್ಲ. ಒಂದು ಕೋಣೆಯಲ್ಲಿ ನಡೆಯುವುದನ್ನೆಲ್ಲ ಒಟ್ಟಿಗೆ ತೆಗೆದುಬಿಡುತ್ತಾರೆ. ಬಾಗಿಲ ಹೊರಗಿನದು ಮಂಗಳವಾರ, ಒಳಗಿನದು ಶುಕ್ರವಾರ. ಹೊರಗೆ ಯಾವ ಕೈಯಲ್ಲಿ ಲೋಟ ಹಿಡಿದಿದ್ದ, ಕೂದಲು ಎಷ್ಟು ಕೆದರಿತ್ತು, ಗಾಯ ಎಲ್ಲಿತ್ತು, ಇದನ್ನೆಲ್ಲ ಒಬ್ಬರು ಕೂತು ಬರೆದುಕೊಳ್ಳಬೇಕು. ಹಾಲಿವುಡ್ಡಿನಲ್ಲಿ ಬಹುಕಾಲ ಈ ಕೆಲಸ ಮಾಡಿದವರು ಹೆಂಗಸರೇ. 'ಸ್ಕ್ರಿಪ್ಟ್ ಗರ್ಲ್' ಎಂದು ಕರೆಯುತ್ತಿದ್ದರಂತೆ, ವಯಸ್ಸು ಐವತ್ತಾಗಿದ್ದರೂ ಗರ್ಲ್! ಯಾರ ಅಂಗಿಗೆ ಗುಂಡಿ ಹೋಗಿದೆ, ಯಾರಿಗೆ ಮೊಸರು ಆಗುವುದಿಲ್ಲ, ಹೋದ ವರ್ಷ ಗೌರಿಹಬ್ಬಕ್ಕೆ ಯಾವ ನಾದಿನಿಗೆ ಯಾವ ಬಣ್ಣದ ಸೀರೆ ಕೊಟ್ಟದ್ದು, ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ತಿರುಗುವ ನಮಗೆ ಆ ಕೆಲಸ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಸರಿಯಾಗಿದ್ದಾಗ ಅವಳು ಇದ್ದಾಳೆಂದೇ ಯಾರಿಗೂ ಗೊತ್ತಾಗುವುದಿಲ್ಲ.

ಅದೇ ಕಂತಿನಲ್ಲಿ ಇನ್ನೊಂದು ತಪ್ಪಿದೆ. ಅದು ನನ್ನ ಬಾಯಿ ಮುಚ್ಚಿಸಿತು. ಯಂತ್ರ ಕೆಟ್ಟಿದೆ. ಕೆಳಗೆ ಗ್ರಹದಲ್ಲಿ ಸುಲು ಮತ್ತು ಅವನ ಜೊತೆಯವರು ಹೆಪ್ಪುಗಟ್ಟುವ ಚಳಿಯಲ್ಲಿ, ಬಂದೂಕಿನಿಂದ ಬಂಡೆ ಕಾಯಿಸಿಕೊಂಡು ಸಾಯದೆ ಉಳಿಯಲು ಒದ್ದಾಡುತ್ತಿದ್ದಾರೆ. ನಾನು ಗೆದ್ದವಳಂತೆ, "ಅಷ್ಟು ದೊಡ್ಡ ಹಡಗಿನಲ್ಲಿ ಒಂದು ಸಣ್ಣ ದೋಣಿ ಇರುವುದಿಲ್ಲವೇ? ಕಳಿಸಿ ಕರೆದುಕೊಂಡು ಬರಬಾರದೇ?" ಎಂದೆ. ಮಗಳು ಹುಡುಕಿ ನೋಡಿ ಹೇಳಿದಳು: "ದೋಣಿ ಇತ್ತಮ್ಮ. ಆದರೆ ಆಗಿನ್ನೂ ಇರಲಿಲ್ಲ." ದೋಣಿಯನ್ನು ಕಟ್ಟಿಸಲು ಅವರ ಹತ್ತಿರ ಹಣವೇ ಇರಲಿಲ್ಲವಂತೆ. ಆಮೇಲೆ ಎಎಂಟಿ ಎಂಬ ಆಟಿಕೆ ಮಾದರಿಗಳ ಕಂಪನಿ ಮುಂದೆ ಬಂದು, ಎಂಟರ್‌ಪ್ರೈಸ್ ಹಡಗಿನ ಮಾದರಿಯನ್ನು ಮಾರುವ ಹಕ್ಕಿಗೆ ಬದಲಾಗಿ ದೋಣಿ ಕಟ್ಟಿಕೊಟ್ಟಿತು. 1967ರ ಜನವರಿಯಲ್ಲಿ 'ದಿ ಗೆಲಿಲಿಯೊ ಸೆವೆನ್' ಕಂತಿನಲ್ಲಿ ಅದು ಮೊದಲು ಕಾಣಿಸಿತು. ಮೂರು ತಿಂಗಳು ಮುಂಚೆ ಚಳಿಯಲ್ಲಿ ನಡುಗಿದವರಿಗೆ ಸಿಗಲಿಲ್ಲ, ಅಷ್ಟೆ. (ಆ ಗೆಲಿಲಿಯೊ ದೋಣಿ ಅದೇ ಕಂತಿನಲ್ಲಿ ಸುಟ್ಟು ಬೂದಿಯಾಗುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಅದೇ ಹೆಸರು ಹೊತ್ತು ಮತ್ತೆ ಹಾರಾಡುತ್ತದೆ! ಇನ್ನೊಂದು ಕಟ್ಟಿಸಲು ಎಲ್ಲಿಂದ ತರುತ್ತಾರೆ?)

"ಯಾಕೆ ತರಲಿಲ್ಲ?" ಎಂದು ತರಗತಿಯಲ್ಲಿ ಎಷ್ಟು ಸಲ ಕೇಳಿದ್ದೇನೆ. ಭೂಪಟ ಯಾಕೆ ತರಲಿಲ್ಲ, ಜಾಮಿಟ್ರಿ ಬಾಕ್ಸು ಯಾಕೆ ತರಲಿಲ್ಲ. ತಲೆ ತಗ್ಗಿಸಿ ನಿಂತ ಮಕ್ಕಳ ಮುಖ ಸುಲುವಿನ ಮುಖದ ಜೊತೆ ಬೆರೆತುಹೋಗಿ ಆ ಸಂಜೆ ನೋಟ್‌ಬುಕ್ಕು ಮುಚ್ಚಿಟ್ಟೆ.

ಮಾರನೆಯ ದಿನ ತೆರೆದೆ ಎನ್ನಿ. ಹುಟ್ಟುಗುಣ.

ಖಾನ್‌ನನ್ನು ಬಿಡುವ ಹಾಗಿರಲಿಲ್ಲ. 'ಸ್ಪೇಸ್ ಸೀಡ್' ಎಂಬ 1967ರ ಫೆಬ್ರವರಿಯ ಕಂತಿನಲ್ಲಿ ಖಾನ್ ನೂನಿಯನ್ ಸಿಂಗ್ ಎಂಬ ಖಳನಾಯಕ ಬರುತ್ತಾನೆ. ಬಹುಶಃ ಉತ್ತರ ಭಾರತದ ಸಿಖ್ ಇರಬೇಕೆಂದು ಹಡಗಿನ ಇತಿಹಾಸಕಾರ್ತಿ ಹೇಳುತ್ತಾಳೆ. ಗಡ್ಡವಿಲ್ಲ, ತಲೆಗೆ ಪೇಟವಿಲ್ಲ, ಹೆಸರಿನಲ್ಲಿ ಖಾನ್, ಸಿಂಗ್ ಎರಡೂ. ಪಾತ್ರ ಮಾಡಿದವರು ಮೆಕ್ಸಿಕೊ ದೇಶದ ರಿಕಾರ್ಡೊ ಮೊಂಟಲ್ಬಾನ್. ಒಳ್ಳೆಯ ನಟ, ಗತ್ತಿಗೆ ಕಡಿಮೆಯಿಲ್ಲ. ಕ್ಯಾಪ್ಟನ್ನನಿಗೂ ಇವನಿಗೂ ಹೊಡೆದಾಟ ನಡೆಯುವಾಗ ಮಾತ್ರ ಇಬ್ಬರ ಮುಖವೂ ಬೇರೆ ಯಾರದೋ ಆಗುತ್ತದೆ. ಡೂಪುಗಳು. ಚಿಕ್ಕಪ್ಪನ ಮನೆಯಲ್ಲಿ ಇದು ಕಂಡಿರಲಾರದು. ಆಗಿನ ಟಿ.ವಿ. ಪೆಟ್ಟಿಗೆಯೇ ಸಣ್ಣದು, ಮೇಲಾಗಿ ಮಸುಕು, ಒಮ್ಮೆ ಹೋದ ದೃಶ್ಯ ಹೋಯಿತು. ಒಂದು ಸಲ ನೋಡಿ ಮರೆಯುವವರಿಗಾಗಿ ಮಾಡಿದ್ದನ್ನು ನಾನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಕನ್ನಡಕ ಒರೆಸಿಕೊಂಡು ನೋಡುತ್ತಿದ್ದೇನೆ. ಅನ್ಯಾಯವೇ ಸರಿ. ಆ ಖಾನ್ 1992ರಿಂದ 1996ರವರೆಗೆ ಭೂಮಿಯ ಕಾಲು ಭಾಗಕ್ಕೂ ಹೆಚ್ಚನ್ನು ಆಳಿದನೆಂದು ಸ್ಪಾಕ್ ಹೇಳುತ್ತಾನೆ. 1992ರಲ್ಲಿ ನಾನು ಬಿ.ಎಡ್. ಪಾಠಯೋಜನೆ ಬರೆಯುತ್ತಿದ್ದೆ. ನಮ್ಮ ಕಡೆಗೆ ಅವನ ಆಳ್ವಿಕೆ ಬಂದ ಹಾಗೆ ಕಾಣಲಿಲ್ಲ.

ಇದಕ್ಕೂ ಮುಂದೆ ತೇಪೆ ಹಾಕಿದರು. 2023ರಲ್ಲಿ ಬಂದ ಹೊಸ ಸರಣಿಯೊಂದರ ಕಂತಿನಲ್ಲಿ, ಕಾಲಯಾನ ಮಾಡಿದವರ ಕೈವಾಡದಿಂದ ಆ ಯುದ್ಧಗಳು ಮುಂದಕ್ಕೆ ಹೋದವೆಂದು ಹೇಳಿಸಿದರು. ತೇಪೆ ಹಾಕುವುದರಲ್ಲಿ ಇವರನ್ನು ಮೀರಿಸಿದವರಿಲ್ಲ. ಕ್ಲಿಂಗಾನ್ ಎಂಬ ಶತ್ರುಗಳಿಗೆ ಅರವತ್ತರ ದಶಕದಲ್ಲಿ ಬರೀ ಮುಖಕ್ಕೆ ಬಣ್ಣ, ಹುಬ್ಬಿಗೆ ಕಾಡಿಗೆ. 1979ರ ಸಿನಿಮಾಕ್ಕೆ ದುಡ್ಡು ಬಂತು, ಅವರ ಹಣೆಯ ಮೇಲೆ ಮೂಳೆಯ ಏಣುಗಳು ಎದ್ದವು. ಯಾಕೆ, ಏನು ಎಂಬ ಮಾತಿಲ್ಲ. 1996ರಲ್ಲಿ ಸರಣಿಯ ಮೂವತ್ತನೇ ವರ್ಷಕ್ಕೆ ಒಂದು ಕಂತು ಮಾಡಿ, ಏಣು ಹಣೆಯ ಕ್ಲಿಂಗಾನ್ ಒಬ್ಬನನ್ನು ಹಳೆಯ ಸಪಾಟು ಹಣೆಯವರ ನಡುವೆ ಕಳಿಸಿದರು. ಜೊತೆಯವರು ಬೆರಗಾಗಿ ಕೇಳಿದರೆ, ಆ ವಿಷಯ ನಾವು ಹೊರಗಿನವರ ಜೊತೆ ಆಡುವುದಿಲ್ಲ ಎಂದು ಅವನು ಗಂಟುಮುಖ ಹಾಕಿಕೊಳ್ಳುತ್ತಾನೆ. ನಾನು ಚಪ್ಪಾಳೆ ತಟ್ಟಿದೆ. ಮೈಸೂರಿನ ಅತ್ತೆ ಯಾಕೆ ನಲವತ್ತು ವರ್ಷ ತವರಿಗೆ ಬರಲಿಲ್ಲ ಎಂದು ಕೇಳಿದರೆ ನಮ್ಮಜ್ಜಿಯೂ ಹೀಗೆಯೇ ಹೇಳುತ್ತಿದ್ದರು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಿತ್ತು. 2005ರಲ್ಲಿ ಮತ್ತೊಂದು ಸರಣಿಯವರು ಎರಡು ಕಂತು ಖರ್ಚು ಮಾಡಿ, ಅದೊಂದು ವೈರಸ್ಸಿನಿಂದ ಆದದ್ದು ಎಂದು ಬಿಡಿಸಿ ಬಿಡಿಸಿ ಹೇಳಿದರು. ನನಗೆ ಹಿಡಿಸಲಿಲ್ಲ.

ಚೆಕಾವ್‌ನ ವಿಷಯದಲ್ಲಿ ಮಾತ್ರ ತೇಪೆಯನ್ನು ಹಾಸ್ಯಕ್ಕೇ ಬಿಟ್ಟರು. 1982ರ ಸಿನಿಮಾದಲ್ಲಿ ಖಾನ್ ಮತ್ತೆ ಬಂದು, ಚೆಕಾವ್‌ನ ಮುಖ ನೋಡಿದೊಡನೆ ಗುರುತು ಹಿಡಿಯುತ್ತಾನೆ. ಆದರೆ ಖಾನ್ ಹಡಗಿನಲ್ಲಿದ್ದ ಕಾಲಕ್ಕೆ ಚೆಕಾವ್ ಸರಣಿಗೇ ಸೇರಿರಲಿಲ್ಲ. ಬಂದದ್ದು ಎರಡನೆಯ ವರ್ಷಕ್ಕೆ. ಪಾತ್ರ ಮಾಡಿದ ವಾಲ್ಟರ್ ಕೇನಿಗ್ ಅಭಿಮಾನಿಗಳ ಸಭೆಯಲ್ಲಿ ಇದಕ್ಕೊಂದು ಕಾರಣ ಹೇಳುತ್ತಿದ್ದರಂತೆ: ಚೆಕಾವ್ ಬಚ್ಚಲುಮನೆಯಲ್ಲಿ ತುಂಬ ಹೊತ್ತು ಕೂತು ಹೊರಗೆ ಖಾನ್‌ನನ್ನು ಕಾಯಿಸಿದ್ದ, ಆ ಮುಖವನ್ನು ಅವನು ಮರೆಯುವುದು ಹೇಗೆ ಎಂದು. ಕೂಡುಕುಟುಂಬದಲ್ಲಿ ಬಾಳಿದವರು ಯಾರೂ ಈ ಕಾರಣವನ್ನು ತಳ್ಳಿಹಾಕಲಾರರು.

ನನಗಿಂತ ದೊಡ್ಡ ತಪ್ಪುಗಾರರ ವೈರಿಯೂ ಒಬ್ಬರು ಸಿಕ್ಕರು. ಫಿಲ್ ಫರಾಂಡ್ ಎಂಬ ಅಮೆರಿಕದವರು. ಮುಂದೆ ಬಂದ 'ನೆಕ್ಸ್ಟ್ ಜನರೇಶನ್' ಸರಣಿಯ ತಪ್ಪುಗಳ ಮೇಲೆ 1993ರಲ್ಲಿ ಒಂದು ಪುಸ್ತಕ, ಈ ಹಳೆಯ ಸರಣಿಯ ಮೇಲೆ 1994ರಲ್ಲಿ ಇನ್ನೊಂದು. ಕಥೆಯ ಲೋಪ, ಬದಲಾದ ನಿಯಮ, ಯಂತ್ರಗಳ ವಿಪರೀತ, ಕಂಟಿನ್ಯುಯಿಟಿ ಎಂದು ವಿಭಾಗ ಮಾಡಿಕೊಂಡು, ಮೌಲ್ಯಮಾಪನಕ್ಕೆ ಕೂತ ಹಾಗೆ ಕಂತುಕಂತನ್ನೂ ತಿದ್ದಿದ್ದಾರೆ. ನನ್ನ ಬಳಗದವರು ಎಂದು ಸಂತೋಷವಾಯಿತು.

ಇಷ್ಟೆಲ್ಲ ನಕ್ಕದ್ದಾಯಿತು. ಆರನೆಯ ವಾರ, ಪ್ಲಾಸ್ಟರ್ ಬಿಚ್ಚುವ ಮುಂಚೆ, ಆ ಸಪ್ಲಿಮೆಂಟರಿಯಲ್ಲಿ ಪಾಸಾದ ಕಂತನ್ನು ನೋಡಿದೆ. ಕ್ಯಾಪ್ಟನ್ನನ ಜೀವದ ಗೆಳೆಯ ಗ್ಯಾರಿ ಮಿಚೆಲ್‌ಗೆ ಇದ್ದಕ್ಕಿದ್ದಂತೆ ಅತಿಮಾನುಷ ಶಕ್ತಿ ಬರುತ್ತದೆ. ಕಣ್ಣು ಬೆಳ್ಳಿಯಾಗುತ್ತದೆ, ಪುಸ್ತಕಗಳನ್ನು ಕ್ಷಣದಲ್ಲಿ ಓದುತ್ತಾನೆ, ತಾನು ದೇವರಾಗಿಬಿಟ್ಟೆ ಎಂದುಕೊಳ್ಳುತ್ತಾನೆ. ಕೊನೆಗೆ ಗೆಳೆಯನನ್ನೇ ಕೊಲ್ಲಲು ಹೊರಟು, ಗೋರಿ ತೋಡಿ, ಹೆಸರು ಕೆತ್ತಿದ ಗೋರಿಕಲ್ಲನ್ನು ಕಣ್ಣಿನ ಶಕ್ತಿಯಿಂದಲೇ ತರಿಸಿ ನಿಲ್ಲಿಸುತ್ತಾನೆ. ಕಲ್ಲಿನ ಮೇಲೆ: ಜೇಮ್ಸ್ ಆರ್. ಕರ್ಕ್.

ಆರ್ ಅಲ್ಲ, ಟಿ. ಸರಣಿ ಮುಂದುವರಿದ ಹಾಗೆ ಕ್ಯಾಪ್ಟನ್ನನ ಹೆಸರು ಜೇಮ್ಸ್ ಟಿ. ಕರ್ಕ್ ಎಂದೇ ನಿಂತಿತು. ಎಪ್ಪತ್ತರ ದಶಕದ ಕಾರ್ಟೂನ್ ಸರಣಿಯಲ್ಲಿ ಆ ಟಿ ಎಂದರೆ ಟೈಬೀರಿಯಸ್ ಎಂದೂ ಆಯಿತು. ಜಗತ್ತಿನ ಗ್ರಂಥಗಳನ್ನೆಲ್ಲ ಕುಡಿದ ದೇವರಿಗೆ ಜೊತೆಯಲ್ಲಿ ಓದಿದ ಗೆಳೆಯನ ಇನಿಷಿಯಲ್ ಗೊತ್ತಿಲ್ಲ! ಮಗಳೂ ನಾನೂ ಬಿದ್ದು ಬಿದ್ದು ನಕ್ಕೆವು. ಮಗಳು ಅವರ ಪುಣ್ಯಕ್ಕೆ ಇನ್ನೊಂದು ಸೇರಿಸಿದಳು. ಕ್ಯಾಪ್ಟನ್ನನಿಗೆ ಎರಡೆರಡು ಇನಿಷಿಯಲ್ ಕೊಟ್ಟವರು ಉಹುರಾಗೆ ಮೂರು ವರ್ಷದಲ್ಲಿ ಒಂದು ಮೊದಲ ಹೆಸರನ್ನೂ ಕೊಡಲಿಲ್ಲವಂತೆ. ನಿಶೆಲ್ ನಿಕೋಲ್ಸ್ ಎಷ್ಟು ಚಂದ ಮಾಡಿದ್ದಾರೆ ಆ ಪಾತ್ರವನ್ನು! ಅವಳ ಹೆಸರು ನ್ಯೋಟಾ ಎಂದು ತೆರೆಯ ಮೇಲೆ ಕೇಳಿಬಂದದ್ದು 2009ರ ಸಿನಿಮಾದಲ್ಲಿ, ನಲವತ್ಮೂರು ವರ್ಷ ಬಿಟ್ಟು.

ರಾತ್ರಿ ನಿದ್ದೆ ಬರಲಿಲ್ಲ. ಪ್ಲಾಸ್ಟರಿನ ಒಳಗಿನ ನವೆ ಎಂದುಕೊಂಡೆ. ಅಲ್ಲ, ಆ ಕಲ್ಲಿನ ಮೇಲಿನ ಅಕ್ಷರ.

1997ರ ಕೊನೆಯಲ್ಲಿ ನಾನು ಹತ್ತನೇ ತರಗತಿಯ ಕ್ಲಾಸ್ ಟೀಚರ್. ಪರೀಕ್ಷೆಗೆ ಕಳಿಸುವ ನಾಮಿನಲ್ ರೋಲನ್ನು ಕೈಯಲ್ಲೇ ಬರೆಯಬೇಕು. ಅರವತ್ತೆರಡು ಮಕ್ಕಳು, ಮೂರು ಪ್ರತಿ. ಮನೆಯಲ್ಲಿ ಇದೇ ಮಗಳು ಕೈಕೂಸು, ಜ್ವರ. ತೊಡೆಯ ಮೇಲೆ ಮಲಗಿಸಿಕೊಂಡು ರಾತ್ರಿ ಹನ್ನೊಂದರವರೆಗೆ ಬರೆದೆ. ಒಬ್ಬಳು ಹುಡುಗಿಯ ಇನಿಷಿಯಲ್‌ನಲ್ಲಿ, ಇಂಗ್ಲಿಷಿನ ಎನ್ ಅಕ್ಷರಕ್ಕೆ ಒಂದು ಗೀಟು ಹೆಚ್ಚಾಗಿ ಬಿದ್ದು ಎಂ ಆಯಿತು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಆದದ್ದೇ ಸಾಕು. ಎನ್ ಎಂದರೆ ಅವಳ ಅಪ್ಪನ ಹೆಸರು.

ಅಂಕಪಟ್ಟಿಯಲ್ಲಿ ಎಂ ಬಂತು. ಮೊದಮೊದಲು ಯಾರೂ ಗಮನಿಸಲಿಲ್ಲ. 2000ದಲ್ಲಿ ಪಿ.ಯು.ಸಿ. ಮುಗಿಸಿ ಟಿ.ಸಿ.ಎಚ್. ಸೀಟು ಸಿಕ್ಕಿತು. ದಾಖಲೆ ನೋಡುವವರು ಜಾತಿಪತ್ರದಲ್ಲಿ ಎನ್, ಅಂಕಪಟ್ಟಿಯಲ್ಲಿ ಎಂ ಇದೆ, ಇಬ್ಬರೂ ಒಬ್ಬರೇ ಎಂದು ಬರೆಸಿಕೊಂಡು ಬಾ ಎಂದರು. ಬರೆಸುವಷ್ಟರಲ್ಲಿ ಸೀಟು ಹೋಗಿತ್ತು. ಒಂದು ವರ್ಷ ದಂಡವಾಯಿತು. ಅಪ್ಪನನ್ನು ಕರೆದುಕೊಂಡು ಶಾಲೆಗೆ ಬಂದಳು. ಆತ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತರು, ಎಷ್ಟು ಹೇಳಿದರೂ ಕೂರಲಿಲ್ಲ. ನಾನು ಕಚೇರಿಯ ಪ್ರತಿ ತೆಗೆಸಿ ನೋಡಿದೆ. ನನ್ನದೇ ಅಕ್ಷರ. ಆ ಹೆಚ್ಚಿನ ಗೀಟು ನೋಡಿದ ಕೂಡಲೇ ಕಂಡಿತು. ಮೊಸರಿನಲ್ಲಿ ಕಲ್ಲು ಹುಡುಕುವವಳಲ್ಲವೇ.

ಆದರೆ ಪ್ರತಿಯನ್ನು ಅವಳ ಕಡೆ ತಿರುಗಿಸಿ, "ಕೆಳಗೆ ನಿನ್ನ ಸಹಿ ಇದೆಯಲ್ಲೇ. ಸಹಿ ಹಾಕೋ ಮುಂಚೆ ನೋಡ್ಕೋಬಾರದಿತ್ತೇ?" ಎಂದೆ. ಅವಳಿಗೆ ಆ ಸಹಿ ಹಾಕಿದಾಗ ಹದಿನೈದು ವರ್ಷ. ಅವಳಪ್ಪ, "ಹೌದು ತಾಯಿ, ಹುಡುಗಿ ನೋಡಬೇಕಾಗಿತ್ತು" ಎಂದು ನನ್ನ ಮಾತನ್ನೇ ಒಪ್ಪಿಕೊಂಡರು. ಹೆಡ್‌ಮಾಸ್ಟರು ಕೇಳಿದಾಗ, ಅಚ್ಚಿನಲ್ಲಿ ಆದ ತಪ್ಪಿರಬೇಕು ಸಾರ್ ಎಂದೆ. ಇದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ನಮ್ಮ ಯಜಮಾನರಿಗೂ.

ಬೆಳಗ್ಗೆ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ಅದರಲ್ಲಿ ಆರ್ ಮೊದಲು ಬಂದದ್ದು, ಟಿ ಆಮೇಲೆ. ಲೆಕ್ಕಕ್ಕೆ ಮೊದಲು ಬರೆದದ್ದೇ ಸರಿಯಲ್ಲವಾ? ಆಮೇಲೆ ಎಲ್ಲ ಕಡೆ ಟಿ ಅಂತ ಆಯ್ತು, ಅದಕ್ಕೆ ಆರ್ ತಪ್ಪಾಯ್ತು" ಎಂದಳು. ಸಮಾಧಾನಕ್ಕೆ ಹೇಳಿದ್ದೋ ಏನೋ. ನನಗೆ ಆ ಹಸಿರು ಅಂಗಿ ನೆನಪಾಯಿತು.

2024ರ ಏಪ್ರಿಲಿನಲ್ಲಿ ಲೋಕಸಭಾ ಚುನಾವಣೆಯ ತರಬೇತಿಗೆ ಹೋಗಿದ್ದೆ. ಮಾಸ್ತರು ಕೆಲಸದಲ್ಲಿದ್ದವರಿಗೆಲ್ಲ ಇದು ಇದ್ದದ್ದೇ. ಕಾಲೇಜೊಂದರ ಹಾಲಿನಲ್ಲಿ ಇನ್ನೂರು ಜನ, ಸೆಕೆ, ಮುಂದೆ 'ಮತಯಂತ್ರದ ಗುಂಡಿ ಒತ್ತಿ ತೋರಿಸಿ' ಎನ್ನುವವರು. ಪಕ್ಕದ ಕುರ್ಚಿಯ ಹೆಂಗಸು, "ನಮಸ್ಕಾರ ಮಿಸ್, ಗುರುತು ಸಿಕ್ತಾ?" ಎಂದಳು. ಸಿಕ್ಕದೆ ಏನು. ಕಿವಿಯ ಹತ್ತಿರ ಎರಡು ಬಿಳಿ ಕೂದಲು ಬಂದಿದ್ದವು, ಅಷ್ಟೆ. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದಾಳೆ, ಇಬ್ಬರು ಗಂಡುಮಕ್ಕಳು. ಹಾಜರಾತಿಯ ಹಾಳೆ ಬಂತು. ಅವಳು ಹೆಸರು ಬರೆದು ಸಹಿ ಹಾಕಿದಳು. ನನ್ನ ಕಣ್ಣು ಬೇಡವೆಂದರೂ ಅಲ್ಲಿಗೇ ಹೋಯಿತು. ಎಂ.

"ಇದನ್ನ ಆಮೇಲೂ ಸರಿ ಮಾಡಿಸಲಿಲ್ಲವೇನೇ?" ಎಂದೆ.

"ಎಲ್ಲಿಂದ ಶುರು ಮಾಡಲಿ ಮಿಸ್? ಟಿ.ಸಿ.ಎಚ್. ಸರ್ಟಿಫಿಕೇಟು, ಸರ್ವಿಸ್ ರಿಜಿಸ್ಟರು, ಪ್ಯಾನು, ಆಧಾರು ಎಲ್ಲದರಲ್ಲೂ ಇದೇ ಬಂದುಬಿಟ್ಟಿದೆ. ಈಗ ಸರಿ ಮಾಡಿಸಿದ್ರೆ ಎಲ್ಲಾನೂ ತಪ್ಪಾಗುತ್ತೆ" ಎಂದು ನಕ್ಕಳು. ಆಮೇಲೆ ಅವಳೇ, "ಅಪ್ಪ ಹೋದ್ರು ಮಿಸ್, ಎರಡು ವರ್ಷ ಆಯ್ತು. ಪೌತಿ ಖಾತೆಗೆ ಹೋದಾಗ ಸ್ವಲ್ಪ ಕಷ್ಟ ಆಯ್ತು. ಅಪ್ಪನ ಹೆಸರಿಗೂ ನನ್ನ ಇನಿಷಿಯಲ್‌ಗೂ ತಾಳೆ ಆಗಲ್ವಲ್ಲ. ನಾನು ನಮ್ಮಪ್ಪನ ಮಗಳೇ ಅಂತ ಛಾಪಾ ಕಾಗದದಲ್ಲಿ ಬರೆದುಕೊಟ್ಟೆ" ಎಂದಳು.

ಮುಂದೆ ಮತಯಂತ್ರ ಪೀ ಎಂದು ಕೂಗಿತು. ಎಲ್ಲರೂ ಅತ್ತ ನೋಡುತ್ತಿದ್ದರು. "ಅದು ನಾನು ಮಾಡಿದ ತಪ್ಪು ಕಣೇ. ಅವತ್ತು ಹೇಳಲಿಲ್ಲ" ಎಂದೆ.

"ಗೊತ್ತು ಮಿಸ್" ಎಂದಳು. "ಅವತ್ತೇ ಗೊತ್ತಿತ್ತು. ಮೂರು ವರ್ಷ ಬೋರ್ಡ್ ಮೇಲೆ ನೋಡಿದೀವಿ, ನಿಮ್ಮ ಅಕ್ಷರ ನಮಗೆ ಗೊತ್ತಾಗಲ್ವಾ?"

ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮೈಕಿನಲ್ಲಿ ಒಬ್ಬೊಬ್ಬರ ಹೆಸರನ್ನೇ ಕರೆಯತೊಡಗಿದರು. ಅವಳದೂ ಬಂತು. ಎಂ ಎಂದೇ ಕರೆದರು. ಅವಳು, "ನನ್ನ ಬ್ಯಾಗ್ ಸ್ವಲ್ಪ ನೋಡ್ಕೊಳ್ಳಿ ಮಿಸ್" ಎಂದು ನನ್ನ ತೊಡೆಯ ಮೇಲಿಟ್ಟು ಎದ್ದು ಹೋದಳು.